ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗೋ ಕಾರ್ಪೊರೇಟ್ ಬ್ಯಾಂಕಿಂಗೋ: ಮೊದಲ ಎರಡು ಮೂರು ವರ್ಷಕ್ಕೆ ತಯಾರಿ ಹೇಗೆ?

ಹೊಸಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಾಣಿಜ್ಯ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಅಕೌಂಟಿಂಗ್ ಚೆನ್ನಾಗಿ ಬರುತ್ತದೆ, ಎಕ್ಸೆಲ್ ಸುಮಾರಾಗಿ ಬರುತ್ತದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಮತ್ತು ಕಾರ್ಪೊರೇಟ್ ಬ್ಯಾಂಕಿಂಗ್ ಎರಡಕ್ಕೂ ಅನಾಲಿಸ್ಟ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಕೈಯಲ್ಲಿ ಆರು ತಿಂಗಳಿದೆ.

ಈ ಎರಡು ಕೆಲಸಗಳ ನಡುವಿನ ನಿಜವಾದ ವ್ಯತ್ಯಾಸ ಏನು? ಆರು ತಿಂಗಳಲ್ಲಿ ಏನನ್ನು ಯಾವ ಕ್ರಮದಲ್ಲಿ ಕಲಿಯಬೇಕು? ಹೊಸಬರು ಎಲ್ಲಿ ಎಡವುತ್ತಾರೆ? "ಶ್ರಮಪಡಿ, ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ" ಎಂಬ ಸಲಹೆ ಬೇಕಾದಷ್ಟು ಸಿಕ್ಕಿದೆ. ಅದಕ್ಕಿಂತ ಖಚಿತವಾಗಿ ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಹಸಿರುಶಾಯಿ

ಎರಡೂ ಕಡೆ ನೀವು ಓದುವುದು ಅದೇ ಮೂರು ಪಟ್ಟಿ: ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್, ನಗದು ಹರಿವು. ಓದುವ ಕಣ್ಣು ಮಾತ್ರ ಬೇರೆ. ಕಂಪನಿ ಮಾರಾಟವಾದಾಗ, ಷೇರು ಅಥವಾ ಸಾಲಪತ್ರ (ಬಾಂಡ್) ಮಾರುಕಟ್ಟೆಗೆ ಬಂದಾಗ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಶುಲ್ಕ ಸಿಗುತ್ತದೆ. ಅಂಡರ್‌ರೈಟಿಂಗ್ (ಮಾರಾಟವಾಗದೆ ಉಳಿದದ್ದನ್ನು ತಾನೇ ಕೊಳ್ಳುವ ಭರವಸೆ) ಬಿಟ್ಟರೆ ಅದರ ಸ್ವಂತ ಹಣ ಹೆಚ್ಚಾಗಿ ಪಣಕ್ಕೆ ಬೀಳುವುದಿಲ್ಲ. ಕಾರ್ಪೊರೇಟ್ ಬ್ಯಾಂಕಿನ ಹಣವಾದರೋ ಮೂರು, ಐದು, ಏಳು ವರ್ಷ ಕಂಪನಿಯ ಕೈಯಲ್ಲಿರುತ್ತದೆ. ಕಂಪನಿ ಹತ್ತು ಪಟ್ಟು ಬೆಳೆದರೂ ಬ್ಯಾಂಕಿಗೆ ಬರುವುದು ಬಡ್ಡಿಯಷ್ಟೇ. ಮುಳುಗಿದರೆ ಅಸಲೂ ಹೋಗುತ್ತದೆ. ಆದ್ದರಿಂದ ಮೊದಲನೆಯವರು "ಇದರ ಬೆಲೆ ಎಷ್ಟಾಗಬಹುದು" ಎಂದು ಕೇಳಿದರೆ, ಎರಡನೆಯವರು "ಕೆಟ್ಟ ವರ್ಷದಲ್ಲೂ ಕಂತು ಎಲ್ಲಿಂದ ಬರುತ್ತದೆ" ಎಂದು ಕೇಳುತ್ತಾರೆ. ಸಂದರ್ಶನದಲ್ಲಿ ಈ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟರೆ ಅಭ್ಯರ್ಥಿಗೆ ಕೆಲಸವೇ ಗೊತ್ತಿಲ್ಲ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಕಲಿಕೆಯ ಕ್ರಮಕ್ಕೆ ಬರೋಣ. ಮೊದಲ ಆರು ವಾರ ಮೂರು ಪಟ್ಟಿಗಳ ಬೆಸುಗೆಗೇ ಕೊಡಿ. ಹಳೆಯ ಪ್ರಶ್ನೆಯೊಂದಿದೆ: ಸವಕಳಿ 10 ಹೆಚ್ಚಾದರೆ ಏನಾಗುತ್ತದೆ? ತೆರಿಗೆ ಶೇ 25 ಎಂದುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 10 ಇಳಿಯುತ್ತದೆ, ತೆರಿಗೆ 2.5 ಉಳಿಯುತ್ತದೆ, ನಿವ್ವಳ ಲಾಭ 7.5 ಇಳಿಯುತ್ತದೆ. ಸವಕಳಿಯಲ್ಲಿ ಕೈಯಿಂದ ಹಣ ಹೋಗುವುದಿಲ್ಲವಾದ್ದರಿಂದ ನಗದು ಹರಿವಿನಲ್ಲಿ 10ನ್ನು ಮತ್ತೆ ಕೂಡಿಸುತ್ತೇವೆ, ನಗದು 2.5 ಏರುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಸ್ಥಿರಾಸ್ತಿ 10 ಇಳಿದು ನಗದು 2.5 ಏರಿತು, ಅಂದರೆ ಒಟ್ಟು ಆಸ್ತಿ 7.5 ಇಳಿಯಿತು. ಎದುರು ಬದಿಯಲ್ಲಿ ಉಳಿಕೆ ಲಾಭವೂ 7.5 ಇಳಿಯಿತು. ಸರಿಹೊಂದಿತು. ಇದನ್ನು ಬಾಯಿಪಾಠ ಮಾಡಬೇಡಿ. ದಾಸ್ತಾನು 10 ಹೆಚ್ಚಾದರೆ, ಬರಬೇಕಾದ ಬಾಕಿಯಲ್ಲಿ 10 ವಸೂಲಾಗದೆ ಹೋದರೆ, 100 ಸಾಲ ತಂದು ಯಂತ್ರ ಕೊಂಡರೆ, ಹೀಗೆ ಹತ್ತು ಹದಿನೈದು ಘಟನೆಗಳನ್ನು ನೀವೇ ಹುಟ್ಟುಹಾಕಿ ಕಾಗದದ ಮೇಲೆ ಬಿಡಿಸಿ.

ಆಮೇಲೆ ಲಿಸ್ಟ್ ಆದ ಒಂದು ಕಂಪನಿಯ ವಾರ್ಷಿಕ ವರದಿ ತೆಗೆದುಕೊಳ್ಳಿ. ಬ್ಯಾಂಕು, ವಿಮೆ ಬೇಡ. ಸರಳವಾದ ತಯಾರಿಕಾ ಕಂಪನಿ ಇರಲಿ. ಮೂರು ವರ್ಷದ ಅಂಕಿಗಳನ್ನು ಖಾಲಿ ಹಾಳೆಯಲ್ಲಿ ಕೈಯಾರೆ ತುಂಬಿ, ಐದು ವರ್ಷದ ಅಂದಾಜು ಕಟ್ಟಿ. ಸಿದ್ಧ ಟೆಂಪ್ಲೇಟ್ ಬಳಸಿದರೆ ಕಲಿಯಬೇಕಾದ್ದೇ ತಪ್ಪಿಹೋಗುತ್ತದೆ, ಏಕೆಂದರೆ ನಿಜವಾದ ಕಲಿಕೆ ಇರುವುದು ಬ್ಯಾಲೆನ್ಸ್ ಶೀಟ್ ಹೊಂದದೆ ಸತಾಯಿಸುವ ಗಂಟೆಗಳಲ್ಲಿ. ವ್ಯತ್ಯಾಸ ಪ್ರತಿ ವರ್ಷ ಒಂದೇ ಮೊತ್ತವಾಗಿದ್ದರೆ ತಪ್ಪು ಆರಂಭದ ಶಿಲ್ಕಿನಲ್ಲಿರುತ್ತದೆ. ವರ್ಷ ಕಳೆದಂತೆ ಬೆಳೆಯುತ್ತಿದ್ದರೆ ನಗದು ಹರಿವಿನಲ್ಲಿ ಯಾವುದೋ ಸಾಲು ಬಿಟ್ಟುಹೋಗಿದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಸಾಲೊಂದು ಕಣ್ಣಿಗೆ ಬಿದ್ದರೆ ಅಲ್ಲಿ ಪ್ಲಸ್ ಇರಬೇಕಾದಲ್ಲಿ ಮೈನಸ್ ಬಿದ್ದಿದೆ. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ 54ನ್ನು 45 ಎಂದು ಬರೆದಂಥ ಅಂಕಿ ಅದಲುಬದಲು ಇರಬಹುದು.

ಬಡ್ಡಿಯನ್ನು ವರ್ಷದ ಸರಾಸರಿ ಸಾಲದ ಮೇಲೆ ಹಾಕಿದ ಕೂಡಲೇ ಲೆಕ್ಕ ತನ್ನ ಬಾಲವನ್ನೇ ಕಚ್ಚುತ್ತದೆ. ಬಡ್ಡಿ ಲಾಭವನ್ನು ಬದಲಿಸುತ್ತದೆ, ಲಾಭ ನಗದನ್ನು, ನಗದು ಸಾಲವನ್ನು, ಸಾಲ ಮತ್ತೆ ಬಡ್ಡಿಯನ್ನು. ಈ ಸುತ್ತಿನೊಳಗೆ ಒಂದು ಕಡೆ ದೋಷ ನುಗ್ಗಿದರೆ ಹಾಳೆ ತುಂಬ ದೋಷ ಹರಡಿ, ಮೂಲ ಸರಿಪಡಿಸಿದರೂ ಹೋಗುವುದಿಲ್ಲ. ಅದಕ್ಕಾಗಿ 1 ಅಥವಾ 0 ಹಾಕುವ ಒಂದು ಸ್ವಿಚ್ ಕೋಶ ಇಟ್ಟುಕೊಳ್ಳಿ. 0 ಹಾಕಿದಾಗ ಬಡ್ಡಿ ಆರಂಭದ ಸಾಲದ ಮೇಲಷ್ಟೇ ಬೀಳಲಿ, ಸುತ್ತು ಕತ್ತರಿಸುತ್ತದೆ.

ನಂತರ ಮೌಲ್ಯಮಾಪನ. ಉದ್ಯಮ ಮೌಲ್ಯ ಎಂದರೆ ಷೇರುಗಳ ಮಾರುಕಟ್ಟೆ ಮೌಲ್ಯ, ಅದಕ್ಕೆ ಸಾಲ, ಪ್ರಿಫರೆನ್ಸ್ ಷೇರು, ಅಂಗಸಂಸ್ಥೆಗಳಲ್ಲಿನ ಅಲ್ಪಸಂಖ್ಯಾತ ಷೇರುದಾರರ ಪಾಲು ಕೂಡಿಸಿ, ನಗದು ಕಳೆದದ್ದು. ಷೇರು ಎಣಿಸುವಾಗ, ನಿಗದಿತ ದರಕ್ಕೆ ಹೊಸ ಷೇರು ಪಡೆಯುವ ಹಕ್ಕಾದ ಆಪ್ಷನ್‌ಗಳನ್ನು ಬಿಡಬೇಡಿ. 100 ಷೇರು, 20ರ ದರದಲ್ಲಿ 10 ಆಪ್ಷನ್, ಮಾರುಕಟ್ಟೆ ಬೆಲೆ 50 ಎಂದಿಟ್ಟುಕೊಳ್ಳಿ. ಆಪ್ಷನ್‌ನಿಂದ ಬಂದ 200ರಲ್ಲಿ ಕಂಪನಿ 4 ಷೇರು ಹಿಂಕೊಳ್ಳಬಹುದು, ಆದ್ದರಿಂದ ಹೊಸದಾಗಿ ಸೇರುವುದು 6. ಒಟ್ಟು 106.

ಡಿಸಿಎಫ್‌ನಲ್ಲಿ (ಮುಂದೆ ಬರುವ ನಗದನ್ನು ಇಂದಿನ ಬೆಲೆಗೆ ಇಳಿಸಿ ಲೆಕ್ಕ ಹಾಕುವ ವಿಧಾನ) ಬೆಲೆಯ ಬಹುಪಾಲು ಕೂತಿರುವುದು ಟರ್ಮಿನಲ್ ಮೌಲ್ಯದಲ್ಲಿ, ಅಂದರೆ ಅಂದಾಜಿನ ಕೊನೆಯ ವರ್ಷದ ನಂತರದ ಎಲ್ಲ ನಗದಿನ ಬೆಲೆಯಲ್ಲಿ. ಕೊನೆಯ ವರ್ಷದ ನಗದು 100, ಹಾಗೆ ಇಳಿಸುವ ರಿಯಾಯಿತಿ ದರ ಶೇ 10 ಇರಲಿ. ಬೆಳವಣಿಗೆ ಶೇ 3 ಎಂದರೆ 103ನ್ನು 0.07ರಿಂದ ಭಾಗಿಸಿ 1,471. ಶೇ 4 ಎಂದರೆ 104ನ್ನು 0.06ರಿಂದ ಭಾಗಿಸಿ 1,733. ಒಂದು ಅಂಕಿ ಬದಲಿಸಿದ್ದಕ್ಕೆ ಸುಮಾರು ಶೇ 18 ಏರಿಕೆ! ಆ ಅಂಕಿಯನ್ನು ಏಕೆ ಆರಿಸಿದಿರಿ ಎಂದು ಹೇಳಲಾಗದಿದ್ದರೆ ಉಳಿದ ಐವತ್ತು ಸಾಲು ಸರಿಯಿದ್ದೂ ಪ್ರಯೋಜನವಿಲ್ಲ. ಇನ್ನೊಂದು ಸಾಮಾನ್ಯ ತಪ್ಪು, ಕೊನೆಯ ವರ್ಷದಲ್ಲಿ ಸವಕಳಿಯನ್ನು ಹೊಸ ಬಂಡವಾಳ ವೆಚ್ಚಕ್ಕಿಂತ ಹೆಚ್ಚಾಗಿ ಬಿಡುವುದು. ಸ್ಥಿರಾಸ್ತಿ ಕರಗುತ್ತಲೇ ಇದ್ದು ಕಂಪನಿ ಎಂದೆಂದಿಗೂ ಬೆಳೆಯುತ್ತದೆ ಎಂದು ಹೇಳಿದಂತಾಗುತ್ತದೆ.

ಅದೇ ಉದ್ಯಮದ ಬೇರೆ ಕಂಪನಿಗಳ ಜೊತೆ ಬೆಲೆ ಹೋಲಿಸುವುದೂ ಇದೆ. ಆ ಹೋಲಿಕೆ ಕಂಪನಿಗಳ ಪಟ್ಟಿಯಲ್ಲಿ ಎಲ್ಲರ ವರ್ಷವೂ ಒಂದೇ ತಿಂಗಳಲ್ಲಿ ಮುಗಿಯುವುದಿಲ್ಲ, ಹಾಗಾಗಿ ಕಳೆದ ಹನ್ನೆರಡು ತಿಂಗಳ ಲೆಕ್ಕ ಹಾಕಿ. ಪೂರ್ಣ ವರ್ಷ 400, ಈ ವರ್ಷದ ಅರ್ಧ 230, ಹೋದ ವರ್ಷದ ಅದೇ ಅರ್ಧ 190 ಇದ್ದರೆ 400 + 230 − 190 = 440.

ಸಾಲದಕಡತ

ಹಸಿರುಶಾಯಿ ಅವರು ಹೇಳಿದ್ದೆಲ್ಲ ಸಾಲದ ಬದಿಗೂ ಬೇಕು. ಆದರೆ ಕಾರ್ಪೊರೇಟ್ ಬ್ಯಾಂಕಿಂಗ್ ಎಂದರೆ ಸುಲಭದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂದುಕೊಂಡು ಬರುವವರೇ ಹೆಚ್ಚು, ಅದು ತಪ್ಪು. ಈ ಕೆಲಸದ ತಿರುಳನ್ನು ಬೇರೆಯಾಗಿಯೇ ಕಲಿಯಬೇಕು.

ಮೊದಲು ಮರುಪಾವತಿ. ಒಂದು ಕಂಪನಿಯ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, 100 ಇದೆ. ತೆರಿಗೆ 12, ಯಂತ್ರಗಳನ್ನು ಸುಸ್ಥಿತಿಯಲ್ಲಿಡುವ ವೆಚ್ಚ 20, ದುಡಿಯುವ ಬಂಡವಾಳಕ್ಕೆ ಹೆಚ್ಚುವರಿ 8 ಹೋದರೆ ಕೈಗೆ ಉಳಿಯುವುದು 60. ವರ್ಷದ ಕಂತು 30, ಬಡ್ಡಿ 18, ಒಟ್ಟು 48. ಅನುಪಾತ 60/48, ಅಂದರೆ 1.25. ನೋಡಲು ಚೆನ್ನಾಗಿದೆ. ಈಗ ಎಬಿಟ್ಡಾ ಶೇ 15 ಬೀಳಲಿ. ಶೇ 25ರ ಲೆಕ್ಕದಲ್ಲಿ ತೆರಿಗೆಯೂ ಇಳಿದು 8.25 ಆಗುತ್ತದೆ, ಉಳಿದದ್ದು ಬದಲಾಗುವುದಿಲ್ಲ. ಕೈಯಲ್ಲಿ 48.75, ಅನುಪಾತ 1.02. ಸಾಧಾರಣ ಏರಿಳಿತಕ್ಕೇ ಉಸಿರು ನಿಲ್ಲುವ ಸಾಲ ಇದು. ಇದನ್ನು ಕಂಡ ಮೇಲೆ ಕಂತಿನ ಅವಧಿ ಉದ್ದ ಮಾಡುವುದೇ, ಮೊತ್ತ ಇಳಿಸುವುದೇ, ಮೀಸಲು ಖಾತೆ ಕೇಳುವುದೇ ಎಂಬ ಯೋಚನೆ ಶುರುವಾಗುತ್ತದೆ. ಎಬಿಟ್ಡಾವನ್ನೇ ಬಡ್ಡಿಯಿಂದ ಭಾಗಿಸಿ 5.6 ಪಟ್ಟು ಇದೆ ಎಂದು ಸಮಾಧಾನಪಟ್ಟುಕೊಂಡವರಿಗೆ ಈ ಅಪಾಯ ಕಾಣುವುದೇ ಇಲ್ಲ.

ಎರಡನೆಯದು ದುಡಿಯುವ ಬಂಡವಾಳ. ದಾಸ್ತಾನು 60 ದಿನ ಕೂರುತ್ತದೆ, ಗ್ರಾಹಕರಿಂದ ಹಣ ಬರಲು 45 ದಿನ, ಪೂರೈಕೆದಾರರು ಕೊಡುವ ಗಡುವು 30 ದಿನ. ಚಕ್ರ 75 ದಿನ. ವರ್ಷದ ವೆಚ್ಚ 730 ಆದರೆ ದಿನಕ್ಕೆ 2, ಅಂದರೆ ಸದಾ 150 ಹಣ ಚಕ್ರದೊಳಗೇ ಸಿಕ್ಕಿಕೊಂಡಿರುತ್ತದೆ. ವಹಿವಾಟು ಶೇ 30 ಬೆಳೆದರೆ ಅದು 195 ಆಗುತ್ತದೆ. ಹೆಚ್ಚುವರಿ 45 ಎಲ್ಲಿಂದ? ಲಾಭದಲ್ಲಿರುವ, ಆರ್ಡರ್ ತುಂಬಿರುವ ಕಂಪನಿ ನಗದಿಲ್ಲದೆ ನರಳುವುದು ಇಲ್ಲಿಯೇ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ವರ್ಷದ ಸಾಲಮಿತಿಯಲ್ಲಿ ಪಡೆದ ಹಣದಿಂದ ಕಾರ್ಖಾನೆ ಕಟ್ಟುವುದು. ಖಾತೆಯ ಮಿತಿ ವರ್ಷಪೂರ್ತಿ ತುಂಬಿಯೇ ಇದ್ದು ಒಂದು ತಿಂಗಳೂ ಇಳಿಯದಿದ್ದರೆ, ಜೊತೆಗೆ ಸ್ಥಿರಾಸ್ತಿ ಏರಿ ದೀರ್ಘಾವಧಿ ಸಾಲ ಏರದಿದ್ದರೆ, ಅನುಮಾನಪಡಿ.

ಮೂರನೆಯದು, ಸಾಲ ಯಾರಿಗೆ ಎಂಬುದು. ಗುಂಪಿನ ಒಟ್ಟು ಲೆಕ್ಕ ನೋಡಿ ಮೇಲಿನ ಹೋಲ್ಡಿಂಗ್ ಕಂಪನಿಗೆ ಕೊಟ್ಟಿರುತ್ತೀರಿ, ಹಣ ಹುಟ್ಟುವುದು ಕೆಳಗಿನ ಅಂಗಸಂಸ್ಥೆಯಲ್ಲಿ. ಅಂಗಸಂಸ್ಥೆ ಮುಳುಗಿದಾಗ ಅದಕ್ಕೇ ನೇರವಾಗಿ ಸಾಲ ಕೊಟ್ಟವರಿಗೆ ಮೊದಲು ಸಂದಾಯ, ಉಳಿದರೆ ಮಾತ್ರ ಮೇಲಕ್ಕೆ. ಆ ಅಂಗಸಂಸ್ಥೆಯ ಜಾಮೀನು ಇದೆಯೇ ಎಂಬ ಒಂದೇ ಪ್ರಶ್ನೆ ನಿಮ್ಮನ್ನು ಉಳಿದ ಹೊಸಬರಿಂದ ಬೇರೆ ಮಾಡುತ್ತದೆ.

ಇನ್ನು ಬ್ಯಾಂಕಿನ ಸ್ವಂತ ಲೆಕ್ಕ. ಇದನ್ನು ತರಗತಿಯಲ್ಲಿ ಕಲಿಸುವುದು ಕಡಿಮೆ, ಕೆಲಸ ನಡೆಯುವುದು ಮಾತ್ರ ಇದರ ಮೇಲೆ. ಬ್ಯಾಂಕುಗಳ ಬಂಡವಾಳದ ಅಂತರರಾಷ್ಟ್ರೀಯ ಮಾನದಂಡವಾದ ಬಾಸೆಲ್ 3ರ ಕನಿಷ್ಠ ಮಟ್ಟದಲ್ಲಿ, ಅಪಾಯ ತೂಕ (ಸಾಲದ ಎಷ್ಟು ಭಾಗವನ್ನು ಅಪಾಯದ್ದೆಂದು ಎಣಿಸಬೇಕೆಂಬ ಪ್ರಮಾಣ) ಶೇ 100 ಇರುವ 100ರ ಸಾಲಕ್ಕೆ ಒಟ್ಟು ಬಂಡವಾಳ 8, ಸಂರಕ್ಷಣಾ ಬಫರ್ 2.5, ಕೂಡಿ 10.5 ಇಡಬೇಕು. ಈ ಸಾಲದಿಂದ ಹಣದ ವೆಚ್ಚ ಕಳೆದು 1.5 ಉಳಿಯುತ್ತದೆ ಎಂದುಕೊಳ್ಳಿ. ನಿರ್ವಹಣೆಗೆ 0.5. ನಿರೀಕ್ಷಿತ ನಷ್ಟ: ಸುಸ್ತಿಯಾಗುವ ಸಂಭವ ಶೇ 0.75, ಆದಾಗ ಕಳೆದುಕೊಳ್ಳುವುದು ಶೇ 40, ಗುಣಿಸಿದರೆ 0.3. ಉಳಿದ 0.7ರಲ್ಲಿ ಕಾಲು ಭಾಗ ತೆರಿಗೆ ಹೋಗಿ 0.525. ಅದನ್ನು 10.5ರಿಂದ ಭಾಗಿಸಿದರೆ ಶೇ 5 ಪ್ರತಿಫಲ. ಬ್ಯಾಂಕಿನ ಷೇರುದಾರರಿಗೆ ಇದು ಸಾಲದು. ಅದಕ್ಕೇ ರಿಲೇಷನ್‌ಶಿಪ್ ಮ್ಯಾನೇಜರ್ ವಿದೇಶಿ ವಿನಿಮಯ, ಪಾವತಿ ಖಾತೆ, ಲೆಟರ್ ಆಫ್ ಕ್ರೆಡಿಟ್ (ದಾಖಲೆ ಸರಿಯಿದ್ದರೆ ಮಾರಿದವರಿಗೆ ಹಣ ಕೊಡುವ ಬ್ಯಾಂಕಿನ ಭರವಸೆ), ಸಾಲಪತ್ರ ಬಿಡುಗಡೆ ಎಂದು ಗ್ರಾಹಕರ ಬೆನ್ನು ಬಿಡದಿರುವುದು. ಸಾಲ ಬಾಗಿಲು ತೆರೆಯುತ್ತದೆ, ಗಳಿಕೆ ಬರುವುದು ಉಳಿದ ಸೇವೆಗಳಿಂದ. ಬಳಸದೆ ಉಳಿದ ಮಿತಿಗೂ ಬಂಡವಾಳ ಬೇಕು: 2017ರ ಡಿಸೆಂಬರಿನಲ್ಲಿ ಅಂತಿಮಗೊಂಡ ಬಾಸೆಲ್ ಮಾನದಂಡದಲ್ಲಿ ಸಾಮಾನ್ಯ ಬದ್ಧತೆಗಳ ಶೇ 40ನ್ನು ಸಾಲವೆಂದೇ ಎಣಿಸುತ್ತಾರೆ. "ಬಳಸದಿದ್ದರೂ ಶುಲ್ಕವೇಕೆ" ಎಂದು ಗ್ರಾಹಕರು ಕೇಳಿದಾಗ ಕೊಡಬೇಕಾದ ಉತ್ತರ ಇದೇ.

ಆಮದು-ರಫ್ತಿಗೆ ಹಣ ಒದಗಿಸುವ ಟ್ರೇಡ್ ಫೈನಾನ್ಸ್ ಬಗ್ಗೆ ಸದ್ಯಕ್ಕೆ ಒಂದು ಮಾತು ಸಾಕು. ಲೆಟರ್ ಆಫ್ ಕ್ರೆಡಿಟ್‌ಗೆ ಅನ್ವಯವಾಗುವ ಯುಸಿಪಿ 600 ನಿಯಮದಲ್ಲಿ ಬ್ಯಾಂಕ್ ನೋಡುವುದು ದಾಖಲೆಯನ್ನು, ಸರಕನ್ನಲ್ಲ. ಪರಿಶೀಲನೆಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನ. ಇನ್‌ವಾಯ್ಸಿನಲ್ಲಿ ಸರಕಿನ ವಿವರಣೆ ಲೆಟರ್ ಆಫ್ ಕ್ರೆಡಿಟ್‌ನಲ್ಲಿರುವುದಕ್ಕೆ ಹೊಂದದಿದ್ದರೆ, ಸರಕು ಸರಿಯಾಗಿ ತಲುಪಿದ್ದರೂ ಪಾವತಿ ನಿಲ್ಲಬಹುದು.

ತಾಳೆಪಟ್ಟಿ

ಮೇಲಿನ ಹೋಲಿಕೆ ಪಟ್ಟಿಯ ಮಾತಿಗೆ ಒಂದು ಸೇರ್ಪಡೆ, ಇದನ್ನು ಬಿಟ್ಟರೆ ಪಟ್ಟಿಯೇ ದಾರಿ ತಪ್ಪುತ್ತದೆ. 2019ರ ಜನವರಿ 1ರಿಂದ ಜಾರಿಯಾದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 16ರ ಪ್ರಕಾರ ಬಹುತೇಕ ಬಾಡಿಗೆಗಳು ವೆಚ್ಚದ ಸಾಲಿನಿಂದ ಮಾಯವಾಗಿ ಸವಕಳಿ ಮತ್ತು ಬಡ್ಡಿಯಾಗಿ ಒಡೆಯುತ್ತವೆ. ಎಬಿಟ್ಡಾ ತಾನಾಗಿ ಏರುತ್ತದೆ. ಅಮೆರಿಕದ ಲೆಕ್ಕಪದ್ಧತಿಯಲ್ಲಿ ಆಪರೇಟಿಂಗ್ ಲೀಸಿನ ಬಾಡಿಗೆ ಇನ್ನೂ ನಿರ್ವಹಣಾ ವೆಚ್ಚವಾಗಿಯೇ ಉಳಿದಿದೆ. ಅಂಗಡಿ ಸರಪಳಿ, ವಿಮಾನ ಸಂಸ್ಥೆಗಳಂಥ ಬಾಡಿಗೆ ಭಾರದ ಎರಡು ಕಂಪನಿಗಳನ್ನು ಎರಡು ಪದ್ಧತಿಯಿಂದ ಎತ್ತಿ ಪಕ್ಕಪಕ್ಕ ಇಟ್ಟರೆ ಒಂದು ಸುಮ್ಮನೆ ಅಗ್ಗವಾಗಿ ಕಾಣುತ್ತದೆ. ಎಬಿಟ್ಡಾದಲ್ಲಿ ಬಾಡಿಗೆ ಕಳೆದಿಲ್ಲವೆಂದರೆ ಲೀಸ್ ಹೊಣೆಯನ್ನು ಸಾಲದಲ್ಲಿ ಸೇರಿಸಿ, ಕಳೆದಿದ್ದರೆ ಸೇರಿಸಬೇಡಿ. ಹಳೆಯ ಸಾಲದ ಒಪ್ಪಂದಗಳು ಹಲವು ಬಾರಿ ಹಿಂದಿನ ಲೆಕ್ಕಪದ್ಧತಿಯಲ್ಲೇ ಅನುಪಾತ ಅಳೆಯಲು ಹೇಳುತ್ತವೆ, ಆದ್ದರಿಂದ ಒಪ್ಪಂದದಲ್ಲಿರುವ ವ್ಯಾಖ್ಯೆ ಓದದೆ ಕವೆನೆಂಟ್ (ಸಾಲ ಪಡೆದವರು ಮೀರಬಾರದೆಂದು ಒಪ್ಪಿದ ಮಿತಿ) ಲೆಕ್ಕ ಹಾಕಬೇಡಿ.

ಹೊಸಪುಟ

ತುಂಬಾ ಉಪಕಾರವಾಯಿತು. ಮೂರು ಪಟ್ಟಿಯ ಕೆಲಸ ಇವತ್ತೇ ಶುರು ಮಾಡುತ್ತೇನೆ. ಸಿವಿ, ಸಂದರ್ಶನ, ಮತ್ತು ಕೆಲಸ ಸಿಕ್ಕ ಮೇಲಿನ ಮೊದಲ ವರ್ಷದ ಬಗ್ಗೆಯೂ ಯಾರಾದರೂ ಹೇಳುವಿರಾ? ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಾಲಿಸ್ಟ್) ಪರೀಕ್ಷೆ ಬರೆದರೆ ಅನುಕೂಲವೇ?

ಎರಡನೇಓದು

ಸಿವಿ ಒಂದೇ ಪುಟ. "ಹಣಕಾಸು ಮಾದರಿ ಕಟ್ಟಲು ಬಲ್ಲೆ" ಎಂಬ ಸಾಲಿಗೆ ಬೆಲೆಯಿಲ್ಲ. "ತಯಾರಿಕಾ ಕಂಪನಿಯೊಂದರ ಐದು ವರ್ಷದ ಮೂರು-ಪಟ್ಟಿ ಮಾದರಿ ಕಟ್ಟಿ, ಕಚ್ಚಾವಸ್ತು ಬೆಲೆ ಶೇ 10 ಏರಿದರೆ ಸಾಲದ ಅನುಪಾತ ಎಷ್ಟು ಬದಲಾಗುತ್ತದೆ ಎಂದು ಪರಿಶೀಲಿಸಿದೆ" ಎಂದು ಬರೆಯಿರಿ. ಬರೆದ ಪ್ರತಿ ಸಾಲಿನ ಮೇಲೂ ಹತ್ತು ನಿಮಿಷ ಪ್ರಶ್ನೆ ಬರುತ್ತದೆ, ಮಾಡದಿದ್ದದ್ದನ್ನು ಸೇರಿಸಬೇಡಿ.

ಸಂದರ್ಶನಕ್ಕೆ ಕಾಗದದ ಮೇಲಿನ ಎಲ್‌ಬಿಒ (ಹೆಚ್ಚಿನ ಪಾಲು ಸಾಲದ ಹಣದಿಂದ ಕಂಪನಿ ಕೊಳ್ಳುವುದು) ಲೆಕ್ಕದ ಅಭ್ಯಾಸವಿರಲಿ. ಎಬಿಟ್ಡಾ 100, ಅದರ 8 ಪಟ್ಟು ಬೆಲೆಗೆ ಖರೀದಿ, ಅಂದರೆ 800. ಸಾಲ 500, ಸ್ವಂತ ಹಣ 300. ಐದು ವರ್ಷದ ಬಳಿಕ ಎಬಿಟ್ಡಾ 120, ಅದೇ 8 ಪಟ್ಟು ಬೆಲೆಗೆ ಮಾರಾಟ, 960. ಸಾಲ 300ಕ್ಕೆ ಇಳಿದಿದೆ. ಕೈಗೆ 660, ಅಂದರೆ 2.2 ಪಟ್ಟು, ವರ್ಷಕ್ಕೆ ಸುಮಾರು ಶೇ 17. ಐದು ವರ್ಷದಲ್ಲಿ ದುಪ್ಪಟ್ಟು ಎಂದರೆ ಶೇ 15ರ ಹತ್ತಿರ ಎಂದು ನೆನಪಿದ್ದರೆ ಉಳಿದದ್ದು ಅಂದಾಜಿಗೆ ಸಿಗುತ್ತದೆ. ಲಾಭದ 360ರಲ್ಲಿ 160 ವ್ಯಾಪಾರ ಬೆಳೆದದ್ದರಿಂದ, 200 ಸಾಲ ತೀರಿಸಿದ್ದರಿಂದ ಎಂದು ಬಿಡಿಸಿ ಹೇಳಿ. ಸಂದರ್ಶಕರು ಕಾಯುತ್ತಿರುವುದು ಆ ಮಾತಿಗೆ.

ಸಿಎಫ್‌ಎ ಮೂರು ಹಂತದ್ದು. ಪರೀಕ್ಷೆ ಮುಗಿಸಿದರೂ ಚಾರ್ಟರ್ ಸಿಗಲು ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಯ ಸಂಬಂಧಿತ ಅನುಭವ ಬೇಕು. ಮೊದಲ ಹಂತ ಪಾಸಾಗಿದ್ದರೆ ಆಸಕ್ತಿ ಗಂಭೀರವೆಂದು ತೋರುತ್ತದೆ, ಅಷ್ಟೇ. ಆರೇ ತಿಂಗಳಿರುವಾಗ ಅದಕ್ಕಾಗಿ ಮಾದರಿ ಕಟ್ಟುವ ಅಭ್ಯಾಸ ಬಿಡುವುದು ನಷ್ಟದ ವ್ಯಾಪಾರ.

ಮೊದಲ ವರ್ಷದಲ್ಲಿ ನಿಮ್ಮನ್ನು ಅಳೆಯುವುದು ಜಾಣತನದಿಂದಲ್ಲ, ನಿಮ್ಮ ಅಂಕಿಯನ್ನು ಇನ್ನೊಬ್ಬರು ಮತ್ತೆ ಪರಿಶೀಲಿಸಬೇಕೇ ಎಂಬುದರಿಂದ. ಹಾಳೆಯಲ್ಲಿ ಕೈಯಿಂದ ತುಂಬಿದ ಅಂಕಿ ನೀಲಿ, ಸೂತ್ರ ಕಪ್ಪು, ಬೇರೆ ಹಾಳೆಯಿಂದ ಬಂದದ್ದು ಹಸಿರು. ಸೂತ್ರದೊಳಗೆ ಅಂಕಿ ಹುದುಗಿಸಬೇಡಿ, "*1.05" ಎಂದು ಒಳಗೆ ಬರೆದದ್ದು ಆರು ತಿಂಗಳ ಬಳಿಕ ಯಾರಿಗೂ ಕಾಣುವುದಿಲ್ಲ. ಕಡತ ಕಳಿಸುವ ಮುಂಚೆ ಮುದ್ರಿಸಿ, ಪೆನ್ನು ಹಿಡಿದು ಪ್ರತಿ ಅಂಕಿಯನ್ನೂ ಮೂಲಕ್ಕೆ ತಾಳೆ ನೋಡಿ. ಒಂದೇ ಆದಾಯ 4ನೇ ಪುಟದಲ್ಲಿ ಒಂದು, 17ನೇ ಪುಟದಲ್ಲಿ ಇನ್ನೊಂದು ಇದ್ದರೆ ಗ್ರಾಹಕರಿಗೆ ಉಳಿದ ಪುಟಗಳ ಮೇಲೂ ನಂಬಿಕೆ ಹೋಗುತ್ತದೆ.

ಮರೆಮಾಡಿದ ಸಾಲುಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2008ರಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾದಾಗ ಅದರ ಆಸ್ತಿಯ ಒಂದು ಭಾಗವನ್ನು ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್ ಕೊಂಡಿತು. ಬೇಡವೆಂದಿದ್ದ 179 ಒಪ್ಪಂದಗಳು ಎಕ್ಸೆಲ್ ಹಾಳೆಯಲ್ಲಿ ಮರೆಯಲ್ಲಿದ್ದವು. ನ್ಯಾಯಾಲಯಕ್ಕೆ ಸಲ್ಲಿಸಲು ಪಿಡಿಎಫ್ ಮಾಡುವಾಗ ಆ ಸಾಲುಗಳೂ ಹೊರಬಂದು ಕೊಳ್ಳುವ ಪಟ್ಟಿಯಲ್ಲಿ ಸೇರಿಬಿಟ್ಟವು. ಬೇಡದ ಸಾಲು ಇದ್ದರೆ ಅಳಿಸಿದ ಪ್ರತ್ಯೇಕ ಪ್ರತಿ ಮಾಡಿ, ಅಡಗಿಸಬೇಡಿ.

ಗೋಪ್ಯತೆಯಲ್ಲಿ ರಿಯಾಯಿತಿಯೇ ಇಲ್ಲ. ವ್ಯವಹಾರಗಳಿಗೆ ಸಂಕೇತನಾಮ ಇರುವುದು ಸುಮ್ಮನೆ ಅಲ್ಲ. ಲಿಫ್ಟಿನಲ್ಲಿ, ಮನೆಯಲ್ಲಿ, ಗೆಳೆಯರ ಗುಂಪಿನಲ್ಲಿ ಕಂಪನಿಯ ಹೆಸರು ಬಾಯಿಂದ ಬರಬಾರದು. ಸ್ವಂತ ಷೇರು ಕೊಳ್ಳುವ ಮುಂಚೆ ಬ್ಯಾಂಕಿನ ಅನುಮತಿ ಪಡೆಯಿರಿ, ಮನೆಯವರ ಖಾತೆಗೂ ಇದು ಅನ್ವಯವಾಗುವುದು ಸಾಮಾನ್ಯ. ತಪ್ಪು ಅಂಕಿ ಹೋದರೆ ತಿದ್ದಬಹುದು, ಇಲ್ಲಿ ತಪ್ಪಿದರೆ ವೃತ್ತಿಯೇ ಮುಗಿಯುತ್ತದೆ.

ಕೆಲಸದ ಹೊತ್ತಿನ ವಿಷಯ ನೇರವಾಗಿ ಹೇಳುವುದು ಒಳ್ಳೆಯದು. ಇನ್ವೆಸ್ಟ್‌ಮೆಂಟ್ ಬದಿಯಲ್ಲಿ ವಹಿವಾಟು ಬಿರುಸಾಗಿದ್ದಾಗ ವಾರಕ್ಕೆ 80 ಗಂಟೆ ದಾಟುವುದು ಅಪರೂಪವಲ್ಲ. ಸಾಲದ ಬದಿಯಲ್ಲಿ ಹೊತ್ತು ಕಡಿಮೆ, ಆದರೆ ನೀವು ಬರೆದ ಟಿಪ್ಪಣಿ ಸಾಲ ತೀರುವವರೆಗೆ ನಿಮ್ಮ ಹೆಸರಿನಲ್ಲೇ ಇರುತ್ತದೆ.

ಹೊಸಪುಟ

ಕೊನೆಯದಾಗಿ ಒಂದು. ಸಾಲದ ಬದಿಯಲ್ಲಿ ಶುರು ಮಾಡಿದರೆ ಆಚೆಗೆ ದಾಟಬಹುದೇ? ಮತ್ತೆ ಕವೆನೆಂಟಿನಲ್ಲಿ "ಅವಕಾಶ" ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ಅಳೆಯುವುದು ಹೇಗೆ?

ಸಾಲದಕಡತ

ದಾಟಬಹುದು, ಮೊದಲ ಎರಡು ಮೂರು ವರ್ಷದೊಳಗೆ ಸುಲಭ. ಹತ್ತಿರದ ಸೇತುವೆ ಎಂದರೆ ಸಿಂಡಿಕೇಟೆಡ್ ಸಾಲ (ಹಲವು ಬ್ಯಾಂಕುಗಳು ಸೇರಿ ಕೊಡುವುದು), ಲೆವರೇಜ್ಡ್ ಫೈನಾನ್ಸ್ (ಸಾಲದ ಭಾರ ಹೆಚ್ಚಿರುವ ಕಂಪನಿಗಳಿಗೆ ಕೊಡುವುದು), ಸಾಲಪತ್ರ ತಂಡಗಳು, ಏಕೆಂದರೆ ಅಲ್ಲಿ ಸಾಲ ಓದುವ ಕಣ್ಣೇ ಬಂಡವಾಳ. ನೇರವಾಗಿ ವಿಲೀನ-ಸ್ವಾಧೀನ ತಂಡಕ್ಕೆ ಹೋಗಲು ಮೌಲ್ಯಮಾಪನದ ಮಾದರಿಯನ್ನು ನಿಮ್ಮ ಹೊತ್ತಿನಲ್ಲಿ ಬೇರೆಯಾಗಿ ಕಲಿತಿರಬೇಕು. ಆಚೆಯಿಂದ ಈಚೆ ಬರುವವರಿಗೆ ಅಂಕಿ ಕಷ್ಟವಾಗುವುದಿಲ್ಲ, ಒಪ್ಪಂದ ಓದುವುದು ಕಷ್ಟವಾಗುತ್ತದೆ.

ಅವಕಾಶ ಎಂದರೆ ಮಿತಿ ಮುಟ್ಟಲು ಉಳಿದಿರುವ ಅಂತರ. ಅದರ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ. ಸಾಲ 250, ಎಬಿಟ್ಡಾ 100, ಅನುಪಾತ 2.5. ಮಿತಿ 3.25. ಮಿತಿಯಿಂದ 2.5 ಕಳೆದು, 2.5ರಿಂದಲೇ ಭಾಗಿಸಿ ಶೇ 30 ಅವಕಾಶವಿದೆ ಎಂದು ಬರೆದುಬಿಡುತ್ತಾರೆ. ಬೀಳುವುದು ಎಬಿಟ್ಡಾ ಅಲ್ಲವೇ? 250ನ್ನು 3.25ರಿಂದ ಭಾಗಿಸಿ, 76.9 ಬರುತ್ತದೆ. ಅಂದರೆ ಎಬಿಟ್ಡಾ ಶೇ 23 ಬಿದ್ದರೆ ಮಿತಿ ಮುಟ್ಟುತ್ತದೆ. ಅದೇ ಹೊತ್ತಿಗೆ ಗ್ರಾಹಕರು ಬಾಕಿ ತಡಮಾಡಿ ಸಾಲ 275ಕ್ಕೆ ಏರಿದ್ದರೆ ಮಿತಿ 84.6ರಲ್ಲೇ ಮುಟ್ಟುತ್ತದೆ, ಅವಕಾಶ ಶೇ 15ಕ್ಕೆ ಕುಗ್ಗಿತು. ಕೆಟ್ಟ ವರ್ಷದಲ್ಲಿ ಇವೆರಡೂ ಕೂಡಿಯೇ ಬರುವುದರಿಂದ ಟಿಪ್ಪಣಿಯಲ್ಲಿ ಎರಡನೇ ಅಂಕಿಯನ್ನೂ ಬರೆಯಿರಿ.